ಮದುವೆ ದಿನ ಫೋಟೋಗ್ರಾಫರ್ ಎಲ್ಲಿ ನಿಂತ್ಕೋಬೇಕು

ಹೊಸದಾಗಿ ಮದುವೆ ಫೋಟೋಗ್ರಫಿಗೆ ಇಳಿಯೋ ಹುಡುಗ್ರು ನನ್ನತ್ರ ಕೇಳೋದೆಲ್ಲ ಯಾವ ಕ್ಯಾಮೆರಾ ತಗೊಳ್ಲಿ ಅಣ್ಣ, ಯಾವ ಲೆನ್ಸ್ ಅಣ್ಣ ಅಂತಾನೇ. ಎಲ್ಲಿ ನಿಂತ್ಕೋಬೇಕು ಅಂತ ಮಾತ್ರ ಒಬ್ರೂ ಕೇಳಲ್ಲ. ಮದುವೆ ದಿನ ನಮ್ಮ ಕೆಲಸದ ಮುಕ್ಕಾಲು ಪಾಲು ಅದೇನೇ, ಒಂದು ಶಾಸ್ತ್ರ ಶುರುವಾಗೋಕೆ ಒಂದು ನಿಮಿಷ ಮುಂಚೆ ಸರಿಯಾದ ಜಾಗದಲ್ಲಿ ಇರೋದು, ಮತ್ತೆ ಯಾರ ಕಾಲಿಗೂ ಸಿಗದೇ ಇರೋದು. ಇಲ್ಲಿ ಹೇಳ್ತಿರೋದು ಹೆಚ್ಚಾಗಿ ನಮ್ಮ ಹಾಸನ ತುಮಕೂರು ಕಡೆ ಛತ್ರದ ಮದುವೆಗಳ ಲೆಕ್ಕ.

ಹಿಂದಿನ ದಿನ ಸಂಜೆ ವರಪೂಜೆಗೆ ಹೋದಾಗ್ಲೇ ಪುರೋಹಿತರನ್ನ ಹುಡುಕಿ ಮಾತಾಡ್ಸಿ. "ಗುರುಗಳೇ, ನಾಳೆ ಗಂಡು ಯಾವ ಕಡೆ ಮುಖ ಮಾಡಿ ನಿಲ್ತಾರೆ, ಧಾರೆ ಮೊದ್ಲಾ ತಾಳಿ ಮೊದ್ಲಾ, ನಾನು ಮಂಟಪದ ಮೇಲೆ ಎಲ್ಲಿವರೆಗೆ ಬರಬಹುದು" ಇಷ್ಟು ಕೇಳಿದ್ರೆ ಸಾಕು, ಅವರಿಗೂ ಖುಷಿ, ಮಾರನೇ ದಿನ ಎಲ್ಲರೆದುರಿಗೆ ಬೈಸ್ಕೊಳ್ಳೋದು ತಪ್ಪತ್ತೆ. ಆಮೇಲೆ ಎರಡೂ ಮನೆ ಕಡೆಯಿಂದ ಒಬ್ಬೊಬ್ರನ್ನ ಗೊತ್ತು ಮಾಡ್ಕೊಳ್ಳಿ, ಮದುಮಗಳ ಚಿಕ್ಕಮ್ಮನೋ ಗಂಡಿನ ಭಾವನೋ ಯಾರೋ ಒಬ್ರು, ಸೋದರಮಾವ ಯಾರು ಅಜ್ಜಿ ಯಾರು ಅಂತ ಬೆರಳು ತೋರಿಸಿ ಹೇಳೋರು. ಕೆಲಸ ಹಂಚಿಕೊಂಡಿರೋ ಓಡಾಟದವರನ್ನ ಹಿಡ್ಕೋಬೇಡಿ, ಅವರು ಕೈಗೆ ಸಿಗಲ್ಲ.

ಬೆಳಿಗ್ಗೆ ಐದಕ್ಕೆ ಛತ್ರದಲ್ಲಿರಿ. ಮೊದಲನೇ ಕೆಲಸ, ಇರೋ ಎಲ್ಲಾ ಕ್ಯಾಮೆರಾದ ಗಡಿಯಾರ ಒಂದೇ ಟೈಮಿಗೆ ಇಡಿ, ವಿಡಿಯೋದವರದ್ದೂ ಸೇರಿಸಿ. ಇದನ್ನ ಮಾಡದೇ ಒಂದ್ಸಲ ಆಲ್ಬಂ ಜೋಡಿಸೋಕೆ ಕೂತು ಸಪ್ತಪದಿ ಆದ್ಮೇಲೆ ತಾಳಿ ಕಟ್ಟಿರೋ ಮದುವೆ ನೋಡಿದೀನಿ. ಎರಡು ಕಾರ್ಡ್ ಹಾಕೋ ಕ್ಯಾಮೆರಾ ಆದ್ರೆ ಎರಡರಲ್ಲೂ ಒಂದೇ ಫೋಟೋ ಹೋಗೋ ಥರ ಸೆಟ್ ಮಾಡಿ, ಎರಡನೇದನ್ನ ಮೊದಲನೇದು ತುಂಬಿದ್ಮೇಲೆ ಅಂತ ಇಟ್ಕೊಂಡ್ರೆ ಜಾಗ ಉಳಿಯತ್ತೆ ನಿಜ, ಆದ್ರೆ ಕಾರ್ಡ್ ಕೈಕೊಟ್ರೆ ಯಾರ ಮನೆಗೆ ಹೋಗಿ ಏನಂತ ಹೇಳ್ತೀರಾ.

ಲೈಟಿನ ವಿಷಯ. ಮಂಟಪದಲ್ಲಿ ಹಳದಿ ಬಲ್ಬು, ವಿಡಿಯೋದವರ ಬಿಳಿ ಲೈಟು, ಪಕ್ಕದ ಕಿಟಕಿ ಬಿಸಿಲು ಎಲ್ಲಾ ಸೇರಿ ಕಲಸುಮೇಲೋಗರ ಆಗಿರತ್ತೆ, ಬಣ್ಣ ಸರಿದೂಗಿಸೋ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ರೆ ಅರಿಶಿನ ಸೀರೆ ಒಂದು ಫೋಟೋದಲ್ಲಿ ಕೇಸರಿ ಇನ್ನೊಂದರಲ್ಲಿ ನಿಂಬೆಹಣ್ಣು, ಅದಕ್ಕೆ ಒಂದು ಕಡೆ ಫಿಕ್ಸ್ ಮಾಡಿ, ಆಮೇಲೆ ಬಣ್ಣ ತಿದ್ದೋಕಾಗೋ ರಾ ಫೈಲಲ್ಲಿ ತೆಗೀರಿ. ಎಲ್‌ಇಡಿ ಸೀರಿಯಲ್ ಸೆಟ್ಟು ಜಾಸ್ತಿ ಇದ್ರೆ ಫೋಟೋದಲ್ಲಿ ಪಟ್ಟೆ ಪಟ್ಟೆ ಬರತ್ತೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿನುಗತ್ತೆ, ಹಾಗಾಗಿ ಶಟರ್ ಸ್ಪೀಡ್ 1/50 ಇಲ್ಲಾ 1/100 ಸೆಕೆಂಡಿಗೆ ಇಟ್ರೆ ಹೆಚ್ಚುಕಮ್ಮಿ ಸರಿಹೋಗತ್ತೆ. ರಿಸೆಪ್ಷನ್ ಸ್ಟೇಜಲ್ಲಿ ಎಲ್‌ಇಡಿ ವಾಲ್ ಹಾಕಿದ್ರೆ ಅದರ ಲೆಕ್ಕ ಬೇರೆ, ಜನ ಬರೋಕೆ ಮುಂಚೆ ನಾಲ್ಕು ಫೋಟೋ ಹೊಡೆದು ನೋಡ್ಕೊಳ್ಳಿ.

ಕಾಶಿಯಾತ್ರೆ ಸುಲಭ, ಛತ್ರಿ ಕೋಲು ಹಿಡ್ಕೊಂಡು ಹೊರಟ ಗಂಡಿಗೆ ಎದುರಾಗಿ ಹಿಂದಕ್ಕೆ ನಡೀತಾ ಹೋಗಿ, ಹಿಂದೆ ಮೆಟ್ಟಿಲಿದೆಯಾ ಅಂತ ಮೊದ್ಲೇ ನೋಡಿರಿ ಅಷ್ಟೆ.

ಅಸಲಿ ಕಷ್ಟ ಅಂತರಪಟದಲ್ಲಿ. ಗಂಡು ಹೆಣ್ಣು ಎದುರುಬದುರು, ಮಧ್ಯ ಬಟ್ಟೆ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ, ಮಂಗಳಾಷ್ಟಕ ನಡೀತಿದೆ, ಸುತ್ತ ಐವತ್ತು ಜನ ಅಕ್ಷತೆ ಹಿಡ್ಕೊಂಡು ನಿಂತಿದಾರೆ. ಬಟ್ಟೆ ಸರಿದು ಇಬ್ರೂ ಮುಖ ನೋಡ್ಕೊಂಡು ಜೀರಿಗೆ ಬೆಲ್ಲ ತಲೆ ಮೇಲೆ ಹಾಕೋದು ಎರಡು ಮೂರು ಸೆಕೆಂಡಿನ ಆಟ. ಬಟ್ಟೆಯ ಅಂಚಿಗೆ ನೇರವಾಗಿ ಪಕ್ಕದಲ್ಲಿ ನಿಂತ್ಕೊಳ್ಳಿ, ಎರಡೂ ಮುಖ ಸಿಗೋದು ಅಲ್ಲಿ ಮಾತ್ರ. ಇನ್ನೊಬ್ಬ ಹುಡುಗ ಇದ್ರೆ ಗಂಡಿನ ಭುಜದ ಹಿಂದೆ ನಿಲ್ಲಿಸಿ, ಮದುಮಗಳು ಕಣ್ಣೆತ್ತೋದು ಅವನಿಗೆ. ಗಮನ ಇಡಬೇಕಾದ್ದು ಗಂಡು ಹೆಣ್ಣಿನ ಮೇಲಲ್ಲ, ಪುರೋಹಿತರ ಕೈ ಮೇಲೆ. ಅವರು ವಾಲಗದವರ ಕಡೆ ತಿರುಗಿ ಕೈ ಎತ್ತಿದ್ರು ಅಂದ್ರೆ ಗಟ್ಟಿಮೇಳ, ಆಗ ಬೆರಳು ಶಟರ್ ಮೇಲೆ ಇರಬೇಕು. ಡೋಲಿನವನು ಕೋಲು ಸರಿ ಮಾಡ್ಕೊಂಡು ನೆಟ್ಟಗೆ ಕೂತ್ರೂ ಅದೇ ಅರ್ಥ, ಅವನಿಗೆ ನಮಗಿಂತ ಮುಂಚೆ ಗೊತ್ತಾಗತ್ತೆ.

ನಾನು ಶುರುವಿನಲ್ಲಿ ಒಂದು ಮದುವೇಲಿ ಸರಿಯಾಗಿ ಇದೇ ಹೊತ್ತಲ್ಲಿ ತಲೆ ಬಗ್ಗಿಸಿ ಹಿಂದಿನ ಫೋಟೋ ಶಾರ್ಪ್ ಬಂದಿದೆಯಾ ಅಂತ ಸ್ಕ್ರೀನ್ ನೋಡ್ತಿದ್ದೆ. ಗಟ್ಟಿಮೇಳ ಕೇಳಿ ತಲೆ ಎತ್ತೋ ಹೊತ್ತಿಗೆ ಬಟ್ಟೆ ಯಾರದೋ ಹೆಗಲ ಮೇಲಿತ್ತು, ಮದುಮಗನ ಪೇಟದ ಮೇಲೆ ಜೀರಿಗೆ. ಬಾಯಿ ತಪ್ಪಿ "ಸರ್, ಇನ್ನೊಂದ್ಸಲ" ಅಂದ್ಬಿಟ್ಟೆ. ಗಂಡಿನ ತಾತ ಇದ್ದೋರು "ಏನಪ್ಪಾ, ಮದುವೆ ಎರಡೆರಡು ಸಲ ಮಾಡಿಸ್ತೀಯಾ" ಅಂದ್ರು, ಇಡೀ ಮಂಟಪ ನಕ್ತು, ನನಗೆ ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅವತ್ತಿಂದ ಮುಹೂರ್ತ ಮುಗಿಯೋವರೆಗೂ ಸ್ಕ್ರೀನ್ ಆಫ್ ಮಾಡಿಡ್ತೀನಿ.

ಧಾರೆ ಟೈಮಲ್ಲಿ ಎಲ್ಲರೂ ಕೈಗಳ ಫೋಟೋನೇ ತೆಗೀತಾರೆ, ತೆಂಗಿನಕಾಯಿ, ಮೇಲಿಂದ ಬೀಳೋ ಹಾಲು. ಅದು ಬೇಕು, ಆದ್ರೆ ಮೂರ್ನಾಲ್ಕು ಸಾಕು. ಆಮೇಲೆ ಲೆನ್ಸ್ ಮೇಲೆತ್ತಿ, ಮಗಳನ್ನ ಕೊಡ್ತಿರೋ ಅಪ್ಪನ ಮುಖಕ್ಕೆ. ಅಲ್ಲಿವರೆಗೆ ಅಡುಗೆಯವರ ಜೊತೆ ಜಗಳ ಆಡ್ಕೊಂಡು ಓಡಾಡ್ತಿದ್ದ ಮನುಷ್ಯ ಅಲ್ಲಿ ಸುಮ್ನಾಗಿಬಿಟ್ಟಿರ್ತಾರೆ. ಇದಕ್ಕೆ 85 ಎಂಎಂ ಲೆನ್ಸ್ ಇದ್ರೆ ಚೆಂದ, ದೂರದಿಂದಾನೇ ಸಿಗತ್ತೆ, ಅವರಿಗೆ ನಾವಿರೋದು ಗೊತ್ತಾಗಲ್ಲ.

ತಾಳಿ ಕಟ್ಟೋವಾಗ ತೊಂದ್ರೆ ಕೊಡೋದು ಹಾರ ಮತ್ತೆ ಜಡೆ. ಮೊಗ್ಗಿನ ಜಡೆ ಇದ್ರೆ ಗಂಟು ಕಾಣೋದೇ ಇಲ್ಲ, ಅದಕ್ಕೆ ಮದುಮಗಳ ಹಿಂದೆ ನಿಲ್ಲೋ ಅಕ್ಕನಿಗೋ ಗೆಳತಿಗೋ "ಅಕ್ಕ, ಜಡೆ ಸ್ವಲ್ಪ ಪಕ್ಕಕ್ಕೆ ಹಿಡ್ಕೊಳ್ಳಿ" ಅಂತ ಐದು ನಿಮಿಷ ಮುಂಚೆನೇ ಹೇಳಿಟ್ಟಿರಿ. ಕೆಲವು ಮನೇಲಿ ಒಂದು ಗಂಟು ಗಂಡು ಹಾಕಿ ಮಿಕ್ಕಿದ್ದು ಅವನ ತಂಗಿ ಹಾಕ್ತಾಳೆ, ಅವಳು ಬಂದು ನಿಮ್ಮ ಫ್ರೇಮಿಗೇ ಅಡ್ಡ ನಿಲ್ತಾಳೆ, ಕೇಳಿ ತಿಳ್ಕೊಂಡಿದ್ರೆ ಇನ್ನೊಂದು ಪಕ್ಕಕ್ಕೆ ಸರೀಬಹುದು. ಮೊಬೈಲ್ ಹಿಡಿದು ನುಗ್ಗೋ ಮಾವಂದಿರ ಜೊತೆ ಜಗಳ ಬೇಡ, ಮಂಡಿ ಊರಿ ಕೆಳಗೆ ಕೂತ್ಕೊಳ್ಳಿ, ಅವರ ಕೈಯೆಲ್ಲ ನಿಮ್ಮ ತಲೆ ಮೇಲಿರತ್ತೆ. ಅಕ್ಷತೆ ಬಿದ್ದಾದ್ಮೇಲೆ ಲೆನ್ಸ್ ಹುಡ್ ಒಳಗೆ ಅಕ್ಕಿಕಾಳು ಕೂತಿದೆಯಾ ನೋಡಿ, ಲೆನ್ಸ್ ಬದಲಾಯಿಸೋಕೆ ಅದು ಸಮಯ ಅಲ್ಲ.

ಹೋಮದ ಹೊಗೆ ಯಾವ ಕಡೆ ಹೋಗ್ತಿದೆ ನೋಡ್ಕೊಂಡು ಅದರ ಎದುರು ಕಡೆಯಿಂದ ತೆಗೀರಿ. ಮಂಟಪಕ್ಕೆ ಚಪ್ಪಲಿ ಬೇಡ, ಅಗ್ನಿಗೂ ದಂಪತಿಗೂ ಮಧ್ಯ ದಾಟ್ಲೇಬೇಡಿ.

ಎಲ್ಲಾ ಮದುವೆನೂ ಹೀಗೇ ಇರಲ್ಲ. ಕೊಡವರ ಮದುವೇಲಿ ಪುರೋಹಿತರೇ ಇರಲ್ಲ, ಹಿರಿಯರು ಒಬ್ಬೊಬ್ರಾಗಿ ಬಂದು ಅಕ್ಕಿ ಹಾಕಿ ಹರಸ್ತಾರೆ, ಹಾಗಾಗಿ ಒಂದು ಜಾಗ ಹಿಡಿದು ಬಹಳ ಹೊತ್ತು ನಿಲ್ಲೋ ಕೆಲಸ. ಗಂಗಾಪೂಜೇಲಿ ಮದುಮಗಳು ನೀರು ಹೊತ್ತು ಬರುವಾಗ ದಾರಿಗೆ ಅಡ್ಡ ಕುಣೀತಾ ನಿಂತುಬಿಡ್ತಾರೆ, ಮುಗಿಯೋದು ಯಾವಾಗ ಅಂತ ಹೇಳೋಕಾಗಲ್ಲ, ಬ್ಯಾಟರಿ ಉಳಿಸ್ಕೊಂಡಿರಿ. ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯ ಆದ್ರೆ ಉಲ್ಟಾ, ಅರ್ಧ ಗಂಟೆಯೊಳಗೆ ಎಲ್ಲಾ ಮುಗಿದಿರತ್ತೆ, ಗಂಡು ಹೆಣ್ಣು ಪ್ರತಿಜ್ಞೆ ಓದೋವಾಗಿನ ಮುಖ ಸಿಕ್ರೆ ಸಿಕ್ಕಿತು.

ಊಟ. ನೀವು ಮೊದಲನೇ ಪಂಕ್ತೀಲಿ ಎದ್ದುಬಿಡಿ, ನಾಚಿಕೆ ಬೇಡ. ಆಮೇಲೆ ಹೊಸ ದಂಪತಿ ಊಟಕ್ಕೆ ಕೂತು ಒಬ್ಬರಿಗೊಬ್ರು ಸಿಹಿ ತಿನ್ನಿಸೋವಾಗ ಕ್ಯಾಮೆರಾ ಬೇಕೇ ಬೇಕು, ಆಗ ನಿಮ್ಮ ಕೈ ಸಾರಲ್ಲಿ ಇರಬಾರ್ದು.

ಸ್ಟೇಜ್ ಫೋಟೋಗೆ ಕ್ಯೂ ಶುರುವಾಗೋಕೆ ಮುಂಚೆ ಎರಡೂ ಮನೆಯವರದ್ದು ಮುಗಿಸ್ಬಿಡಿ. ಮೆಟ್ಟಿಲು ಹತ್ತೋಕಾಗದೇ ಮುಂದಿನ ಕುರ್ಚೀಲಿ ಕೂತಿರೋ ಅಜ್ಜಿ ಹತ್ರ ಗಂಡು ಹೆಣ್ಣನ್ನೇ ಕೆಳಗೆ ಕರ್ಕೊಂಡು ಹೋಗಿ, ಆಲ್ಬಂ ಕೊಡೋಕೆ ಹೋದಾಗ ಮನೆಯವರು ಮೊದ್ಲು ಹುಡುಕೋದು ಅದನ್ನೇ.

ಹೆಣ್ಣೊಪ್ಪಿಸೋವಾಗ ಫ್ಲಾಶ್ ಹಾಕ್ಬೇಡಿ, ದೂರ ನಿಂತ್ಕೊಳ್ಳಿ, ಅಳ್ತಿರೋ ಮುಖಕ್ಕೆ ಲೆನ್ಸ್ ಹಿಡಿಯೋದು ನನಗಂತೂ ಆಗಲ್ಲ. ಕಾರು ಹೊರಟ್ಮೇಲೆ ಬ್ಯಾಗ್ ಕಾರಿನ ಡಿಕ್ಕಿಗೆ ಹೋದ್ರೂ ಕಾರ್ಡುಗಳು ನಿಮ್ಮ ಜೇಬಲ್ಲೇ ಇರಲಿ. ಎಷ್ಟೇ ಸುಸ್ತಾಗಿರ್ಲಿ, ಮಲಗೋ ಮುಂಚೆ ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಹಾಕಿ, ಆಲ್ಬಂ ಅವರ ಮನೆ ಸೇರೋವರೆಗೂ ಒಂದು ಕಡೆದನ್ನೂ ಅಳಿಸ್ಬೇಡಿ.