ರೋಗನಿರೋಧಕ ಶಕ್ತಿ ಕುಂದಿದವರನ್ನು ಮಲೆನಾಡಿನ ಮನೆಯಲ್ಲಿ ಶಿಲೀಂಧ್ರ ಸೋಂಕಿನಿಂದ ಕಾಪಾಡುವ ಬಗೆ

ಸಕಲೇಶಪುರ, ಮೂಡಿಗೆರೆ, ಕಳಸದ ಮಳೆಗಾಲದಲ್ಲಿ ಗೋಡೆಗೂ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುವುದು ಹೊಸತಲ್ಲ. ಬೂಷ್ಟು ಕೂಡ ಶಿಲೀಂಧ್ರವೇ. ಗಾಳಿಯಲ್ಲಿ ತೇಲುವ ಅದರ ಬೀಜಕಗಳನ್ನು, ಅಂದರೆ ಅದನ್ನು ಹರಡುವ ಸೂಕ್ಷ್ಮ ಕಣಗಳನ್ನು, ಆರೋಗ್ಯವಂತರ ದೇಹ ದಿನವೂ ನಿಭಾಯಿಸುತ್ತದೆ. ಆದರೆ ಮೂತ್ರಪಿಂಡ ಕಸಿಯಾದವರು, ಕೀಮೋಥೆರಪಿ ಪಡೆಯುತ್ತಿರುವವರು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ಸೇವಿಸುತ್ತಿರುವವರು, ಎಚ್‌ಐವಿ ಸೋಂಕು ಉಲ್ಬಣಿಸಿದವರು ಮತ್ತು ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೆ ಅದೇ ಬೀಜಕಗಳು ಪ್ರಾಣಕ್ಕೆ ಎರವಾಗಬಹುದು.

ನಮ್ಮ ಕಡೆ ಮೊದಲು ಗಮನಿಸಬೇಕಾದದ್ದು ಗೊಬ್ಬರದ ಗುಂಡಿ ಮತ್ತು ಕಾಫಿ ಸಿಪ್ಪೆಯ ರಾಶಿ. ಕೊಳೆಯುವ ಸೊಪ್ಪುಸದೆಯಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಹುಲುಸಾಗಿ ಬೆಳೆಯುತ್ತದೆ. ರಾಶಿಯನ್ನು ಸಲಿಕೆಯಿಂದ ಕೆದಕಿದಾಗ ಏಳುವ ಬೂದುಹಸಿರು ದೂಳಿನಲ್ಲಿರುವ ಅದರ ಬೀಜಕಗಳು 2–3 ಮೈಕ್ರಾನ್‌ನಷ್ಟೇ ಸಣ್ಣವಾದ್ದರಿಂದ ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಆದ್ದರಿಂದ ಗೊಬ್ಬರ ತಿರುವುವ, ಕಣ ಗುಡಿಸುವ, ಒಣಹುಲ್ಲು ಇಳಿಸುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ಆ ಹೊತ್ತಿನಲ್ಲಿ ರೋಗಿ ಹತ್ತಿರ ಸುಳಿಯಬಾರದು. ಅನಿವಾರ್ಯವಾಗಿ ಹಾದುಹೋಗಬೇಕಾದರೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ಮೂಗಿಗೆ ಕಟ್ಟಿದ ಟವೆಲ್ ಸಾಲದು. ಗೋಡೆಯ ಬೂಷ್ಟನ್ನು ಒಣ ಪೊರಕೆಯಿಂದ ಕೆರೆಯದೆ, ರೋಗಿಯನ್ನು ಬೇರೆ ಕೋಣೆಗೆ ಕಳುಹಿಸಿ, ಸೋಪುನೀರಿನ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅಟ್ಟದ ಪಾರಿವಾಳದ ಹಿಕ್ಕೆಯನ್ನೂ ರೋಗಿ ಮುಟ್ಟಬಾರದು. ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಎಳೆದುಕೊಳ್ಳುವವರು ಬಾಯಲ್ಲಿ ಶಿಲೀಂಧ್ರ ಬೆಳೆಯದಂತೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಬೇಕು.

ಎಷ್ಟೇ ಎಚ್ಚರ ವಹಿಸಿದರೂ ಸೋಂಕು ತಗಲಬಹುದು. ನಾಲಿಗೆಯ ಮೇಲೆ ಬಿಳಿ ಲೇಪ ಮೂಡಿ ನುಂಗುವಾಗ ನೋವಾದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಾಗಿರಬಹುದು. ಎಚ್‌ಐವಿ ಇರುವವರಲ್ಲಿ ದಿನೇ ದಿನೇ ಹೆಚ್ಚುವ ತಲೆನೋವು ಮಿದುಳಿನ ಪೊರೆಗೆ ಹರಡಿದ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಸೂಚನೆಯಿರಬಹುದು. ಇದನ್ನು ಅಮೃತಾಂಜನ ಹಚ್ಚಿ ತಳ್ಳಿಹಾಕುವುದು ಅಪಾಯ. ಮುಖದ ಒಂದೇ ಬದಿಯ ನೋವು ಅಥವಾ ಊತ, ಮೂಗಿನಲ್ಲಿ ಕಪ್ಪು ಹೊಪ್ಪಳೆ, ಒಂದು ವಸ್ತು ಎರಡಾಗಿ ಕಾಣುವುದು, ಇವು 2021ರಲ್ಲಿ ಕೋವಿಡ್‌ನ ಬೆನ್ನಲ್ಲೇ ನಾವು ಕಂಡ ಕಪ್ಪು ಶಿಲೀಂಧ್ರದ ಲಕ್ಷಣಗಳು. ಆಗ ಗಂಟೆಗಳೂ ಮುಖ್ಯ. ರಾತ್ರಿಯಾದರೂ ಜಿಲ್ಲಾ ಆಸ್ಪತ್ರೆಗೆ ಹೊರಡಬೇಕು. ಕೀಮೋಥೆರಪಿಯಲ್ಲಿರುವವರಿಗೆ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗುವ ರೂಢಿ ಇಲ್ಲಿ ಸಲ್ಲದು. ಆ್ಯಂಟಿಬಯೋಟಿಕ್‌ಗೆ ಶಿಲೀಂಧ್ರ ಸಾಯುವುದಿಲ್ಲ. ಶಿಲೀಂಧ್ರಕ್ಕೆ ಕೊಡುವ ಫ್ಲುಕೊನಜೋಲ್ ಕೂಡ, ಕಸಿಯಾದವರು ಸೇವಿಸುವ ಟ್ಯಾಕ್ರೊಲಿಮಸ್‌ನ (ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧ) ಪ್ರಮಾಣವನ್ನು ರಕ್ತದಲ್ಲಿ ಏರಿಸಿ ಕಸಿಯಾದ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು. ಆದ್ದರಿಂದ ಯಾವ ವೈದ್ಯರ ಬಳಿಗೆ ಹೋದರೂ ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ತಪ್ಪದೆ ಮುಂದಿಡಬೇಕು.