ಹೃದಯದ ಬಿಗಿತನ ಹೊರಗಿನಿಂದಲೇ ಅಳೆದಿದ್ದು: ಮೂರು ವರ್ಷದ ನನ್ನ ಅನುಭವ

"ಎಕೋದಲ್ಲಿ ದಪ್ಪ ಕಾಣುತ್ತೆ, ಬಿಗಿ ಕಾಣಲ್ಲಪ್ಪ. ಅದು ಬೇಕಿದ್ರೆ ಒಳಗೆ ಕ್ಯಾಥೆಟರ್ ಹಾಕ್ಲೇಬೇಕು." ಹೃದಯದ ಗೋಡೆ ಬಗ್ಗೆ ನಮ್ಮ ಜೊತೆ ಕೆಲಸ ಮಾಡುವ ಹಿರಿಯ ಹೃದಯ ವೈದ್ಯರು ಮೂರು ವರ್ಷದ ಹಿಂದೆ ಹೇಳಿದ ಮಾತು ಇದು. ಹೋದ ತಿಂಗಳು ಅವರೇ ಶರ್ಟ್ ಬಿಚ್ಚಿ ನಮ್ಮ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದರು.

ಶಿಯರ್ ವೇವ್ ಎಂದರೆ ಅಂಗಾಂಶವನ್ನು ತಳ್ಳಿದಾಗ ಅದರೊಳಗೆ ಅಡ್ಡಡ್ಡ ಅಲುಗುತ್ತಾ ಓಡುವ ಅಲೆ. ಅಂಗಾಂಶ ಬಿಗಿಯಾದಷ್ಟೂ ಅದು ಜೋರಾಗಿ ಓಡುತ್ತದೆ, ಲಿವರ್‌ನ ಬಿಗಿತನ ಅಳೆಯುವುದು ಹೀಗೇ. ನಾನೂ ಅದೇ ದಾರಿ ಹಿಡಿದೆ. ಮೈಗೆ ಒತ್ತಿ ಹಿಡಿಯುವ ಅಲ್ಟ್ರಾಸೌಂಡ್ ಪ್ರೋಬ್‌ನಿಂದ ಜೋರಾಗಿ ಒಂದು ಪುಶ್, ಅಂದರೆ ಧ್ವನಿಯ ತಳ್ಳು, ಕೊಡುವುದು, ಅಲೆ ಓಡುವುದನ್ನು ನೋಡುವುದು. ಅಂಗಾಂಶದ ಬದಲು ಪರೀಕ್ಷೆಗೆ ಇಡುವ ನಕಲು, ಅಂದರೆ ಫ್ಯಾಂಟಮ್, ರೆಡಿಮೇಡ್ ಕೊಳ್ಳಲು ದುಡ್ಡಿರಲಿಲ್ಲ. ಜೆಲಾಟಿನ್ ಪುಡಿಗೆ ಇಸಬ್ಗೋಲ್ ಬೆರೆಸಿ ನಾನೇ ಮಾಡಿಕೊಂಡೆ, ಒಂದಕ್ಕೆ ಐನೂರು ಆರುನೂರು ರೂಪಾಯಿ ಬಿತ್ತು. ಬಿಸಿ ಇದ್ದಾಗಲೇ ಇಸಬ್ಗೋಲ್ ಹಾಕಿದರೆ ಎಲ್ಲಾ ತಳ ಸೇರುತ್ತದೆ. ಆರಿ, ಹಾಲುಬಾಯಿ ಹದಕ್ಕೆ ಬರುವ ಸ್ವಲ್ಪ ಮುಂಚೆ ಕಲಸಬೇಕು. ಎರಡು ವಾರ ಒಂದೇ ಫ್ಯಾಂಟಮ್ ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಒಂದು ವೇಗ ತೋರಿಸಿ ತಲೆ ಕೆಡಿಸಿತು. ಫ್ರಿಜ್‌ನಿಂದ ತೆಗೆದ ಮೇಲೆ ಬೆಚ್ಚಗಾದಷ್ಟೂ ಜೆಲಾಟಿನ್ ಮೆತ್ತಗಾಗುತ್ತದೆ, ಅಷ್ಟೇ. ಆಮೇಲೆ ಥರ್ಮಾಮೀಟರ್ ಚುಚ್ಚದೆ ಒಂದೂ ಅಳತೆ ತೆಗೆಯಲಿಲ್ಲ.

ಜೆಲಾಟಿನ್‌ನಲ್ಲಿ ಗೆದ್ದಿದ್ದು ಹೃದಯಕ್ಕೆ ಬಂದಾಗ ಕೈಕೊಟ್ಟಿತು. ಪಕ್ಕೆಲುಬಿನ ಸಂದಿಯಲ್ಲಿ ಕೂರುವ ಫೇಸ್ಡ್ ಅರೇ ಅನ್ನುವ ಪುಟ್ಟ ಪ್ರೋಬ್‌ನಿಂದ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಪುಶ್ ಕೊಟ್ಟರೆ ಗೋಡೆ ಅಲುಗುವುದು ಕೆಲವೇ ಮೈಕ್ರಾನ್. ಬಡಿತದ ನಡುವೆ ಅದು ಎಲ್ಲಿ ಸಿಗಬೇಕು? ಆಡಿನ ಗುಂಡಿಗೆ ತಂದು, ಅದರ ಮೇಲೆ ವೋಲ್ಟೇಜ್ ಏರಿಸುತ್ತಾ ಹೋದೆ. ಪ್ರೋಬ್ ಬಿಸಿಯಾಯಿತು, ಅದರೊಳಗೆ ಧ್ವನಿ ಹೊಮ್ಮಿಸುವ 64 ಎಲಿಮೆಂಟ್‌ಗಳಲ್ಲಿ ಮೂರು ಸತ್ತವು. ಹೊಸದಕ್ಕೆ ಕೊಟೇಶನ್ ಆರೇಳು ಲಕ್ಷ ಬಂತು. ಕೇಳಿದ ಕಡೆ ದುಡ್ಡು ಸಿಗಲಿಲ್ಲ. ಎಂಟು ತಿಂಗಳು ಸುಮ್ನೆ ಹೋಯಿತು.

ಆ ಗುಂಡಿಗೆಯನ್ನು ಮಾತ್ರ ನಾನು ಬಿಡಲಿಲ್ಲ. ಮುಂದೆ ಇನ್ನೂ ನಾಲ್ಕು ತಂದು ಅರ್ಧ ಗಂಟೆಗೊಮ್ಮೆ ಕಡಿಮೆ ವೋಲ್ಟೇಜ್‌ನಲ್ಲೇ ಅಳೆದೆ. ಸತ್ತ ಸ್ನಾಯು ಬಿಗಿಯುತ್ತಾ ಹೋಗುವುದು ಪರದೆ ಮೇಲೆ ಕಣ್ಣಾರೆ ಕಂಡಿತು, ಮಧ್ಯಾಹ್ನದ ಹೊತ್ತಿಗೆ ವೇಗ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಎಳೆಗಳ ದಿಕ್ಕಿನಲ್ಲಿ ಅಲೆ ಜೋರಾಗಿ ಓಡುತ್ತದೆ, ಅಡ್ಡಕ್ಕೆ ನಿಧಾನ. ಪ್ರೋಬ್ ಒಂದಿಷ್ಟು ತಿರುಗಿದರೂ ಅಂಕಿ ಬದಲಾಗುವುದು ಯಾಕೆ ಅಂತ ಅಲ್ಲೇ ಅರ್ಥವಾಯಿತು.

ದಾರಿ ತೋರಿಸಿದ್ದು ಆ ಕೆಟ್ಟ ಪ್ರೋಬೇ. ಜೋರಾಗಿ ಪುಶ್ ಕೊಡಲು ಅದು ಲಾಯಕ್ಕಿರಲಿಲ್ಲ, ನೋಡಲು ಧಾರಾಳ ಸಾಕಿತ್ತು. ಹೃದಯದ ಮೈಟ್ರಲ್, ಅಯೋರ್ಟಿಕ್ ಕವಾಟಗಳು ಮುಚ್ಚುವಾಗ ಗೋಡೆಗೆ ತಾವೇ ಒಂದು ಏಟು ಕೊಡುತ್ತವೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಹಿರೋಶಿ ಕನಾಯಿ 2005ರಲ್ಲೇ ಇಂಥ ಕಂಪನ ಗೋಡೆಯಲ್ಲಿ ಓಡುವುದನ್ನು ಅಳೆದು ಬರೆದಿದ್ದರು. ಹೃದಯವೇ ಬಡಿದುಕೊಡುವಾಗ ನಾವ್ಯಾಕೆ ತಳ್ಳಬೇಕು?

ಬೇಕಿದ್ದು ಚುರುಕಾಗಿ ನೋಡುವ ಕಣ್ಣು. ಹೃದಯದ ಎಡಬಲ ಕೋಣೆಗಳ ನಡುವಿನ ಗೋಡೆಯಾದ ಸೆಪ್ಟಮ್‌ನಲ್ಲಿ ನಾಲ್ಕು ಸೆಂಟಿಮೀಟರ್ ದಾಟಲು ಅಲೆಗೆ ಹತ್ತು ಮಿಲಿಸೆಕೆಂಡ್ ಸಾಕು. ಸೆಕೆಂಡಿಗೆ 50 ಫ್ರೇಮ್ ಇಟ್ಟರೆ ಎರಡು ಫ್ರೇಮ್ ನಡುವೆ ಅದು ಬಂದು ಹೋಗಿರುತ್ತದೆ. ಒಂದೇ ಸಲಕ್ಕೆ ಅಗಲವಾಗಿ ಹರಡುವ ಡೈವರ್ಜಿಂಗ್ ವೇವ್‌ನಲ್ಲಿ ಸೆಕೆಂಡಿಗೆ ಸಾವಿರ ಫ್ರೇಮ್‌ಗೆ ಹೋದೆ, ಒಂದು ಫ್ರೇಮ್‌ಗೆ ಮೂರು ಶಾಟ್. ಒಂದು ಸೆಕೆಂಡಿಗೆ ಅರ್ಧ ಜಿಬಿ ಕಚ್ಚಾ ಡೇಟಾ ಬೀಳುತ್ತಿತ್ತು. ಕೈಯಿಂದ ಹಾಕಿದ ದುಡ್ಡು ಹಾರ್ಡ್ ಡಿಸ್ಕ್‌ಗೇ ಜಾಸ್ತಿ.

ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕ ಮೇಲೆ ಮೊದಲು ಮಲಗಿದ್ದು ನಾನೇ. ಬಂದ ಅಂಕಿ ಸೆಕೆಂಡಿಗೆ 11 ಮೀಟರ್! ಮರುದಿನ 2. ಇಡೀ ಹೃದಯ ಒಟ್ಟಿಗೆ ಅಲುಗುವುದನ್ನೇ ಅಲೆ ಅಂದುಕೊಂಡಿದ್ದೆ. ಗೋಡೆ ಅಲುಗುವ ವೇಗದ ಬದಲು ಅದರ ವೇಗವರ್ಧನೆ ತೆಗೆದೆ, 15ರಿಂದ 100 ಹರ್ಟ್ಜ್ ಮಾತ್ರ ಉಳಿಸಿಕೊಂಡೆ, ಉಸಿರು ಬಿಟ್ಟು ಹಿಡಿಯಲು ಹೇಳಿದೆ. ಒಂದು ಸಂಜೆ ಎಂ-ಮೋಡ್‌ನಲ್ಲಿ (ಗೋಡೆ ಮೇಲೆ ಎಳೆದ ಒಂದು ಗೆರೆಯ ಅಲುಗಾಟವನ್ನು ಹೊತ್ತಿನ ಜೊತೆ ತೋರಿಸುವ ಚಿತ್ರ) ಇಸಿಜಿಯ ಎತ್ತರದ ಮೊನೆಯಾದ ಆರ್ ವೇವ್ ಆದ ಸ್ವಲ್ಪ ಹೊತ್ತಿಗೆ ಒಂದು ಓರೆ ಗೆರೆ ಎದ್ದಿತು, ಕವಾಟದ ಬುಡದಿಂದ ಅಪೆಕ್ಸ್, ಅಂದರೆ ಹೃದಯದ ತುದಿ, ಕಡೆಗೆ, ಸೀಸದಕಡ್ಡಿಯಲ್ಲಿ ಎಳೆದ ಹಾಗೆ. 3.5 ಮೀಟರ್. ಮರುದಿನ 3.4. ಅಂದು ನಾನು ಊಟಕ್ಕೂ ಏಳಲಿಲ್ಲ. ಎಂ-ಮೋಡ್ ಗೆರೆಯನ್ನು ಗೋಡೆಯ ಯಾವ ಪದರದಲ್ಲಿ ಎಳೆಯಬೇಕು ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ, ಎದುರು ಕೂತರೆ ತೋರಿಸುತ್ತೇನೆ.

ಈ ವೇಗದ ಅಂಕಿಯನ್ನು ಬಿಗಿತನದ ಅಳತೆಯಾದ ಕಿಲೋಪ್ಯಾಸ್ಕಲ್‌ಗೆ ತಿರುಗಿಸಬೇಡಿ. ಗೋಡೆ ದಪ್ಪ ಒಂದು ಸೆಂಟಿಮೀಟರ್, 50 ಹರ್ಟ್ಜ್‌ನಲ್ಲಿ ತರಂಗಾಂತರ ಏಳೆಂಟು ಸೆಂಟಿಮೀಟರ್. ಅಲೆ ಗೋಡೆಯ ದಪ್ಪಕ್ಕಿಂತ ಎಷ್ಟೋ ಉದ್ದ, ಹಾಗಾಗಿ ಲಿವರ್‌ನ ಸೂತ್ರ ಇಲ್ಲಿ ನಿಲ್ಲಲ್ಲ. ನಾನು ವೇಗವನ್ನೇ ಬರೆಯುತ್ತೇನೆ.

ಇನ್ನು ಆ ಹಿರಿಯರು. ಅರವತ್ತು ದಾಟಿದವರು, ಬಿಪಿ ಮಾತ್ರೆ ಬೇರೆ. ಬೆಲ್ಜಿಯಂನ ಲ್ಯೂವೆನ್ ತಂಡ 2019ರಲ್ಲಿ ಪ್ರಕಟಿಸಿದ್ದರಲ್ಲಿ ಈ ಅಲೆಯ ವೇಗ ಇಪ್ಪತ್ತು ಮೂವತ್ತರವರದು ಸೆಕೆಂಡಿಗೆ ಮೂರೂವರೆ ಮೀಟರ್ ಆಸುಪಾಸು, ಅರವತ್ತು ದಾಟಿದವರದು ನಾಲ್ಕೂವರೆಗೂ ಮೇಲೆ, ಅಮೈಲಾಯ್ಡ್ (ಹೃದಯದ ಗೋಡೆಯಲ್ಲಿ ಅಸಹಜ ಪ್ರೋಟೀನ್ ಸೇರಿ ಬಿಗಿಯಾಗುವ ಕಾಯಿಲೆ) ರೋಗಿಗಳದು ಆರು ದಾಟಿತ್ತು. ಇವರದು 4.8 ಬಂತು. "ಇನ್ನೊಂದ್ಸಲ ತೆಗಿ" ಅಂದರು. 4.7. ಪ್ರೋಬ್ ಎತ್ತಿ, ಅವರನ್ನು ಎಬ್ಬಿಸಿ ಮತ್ತೆ ಮಲಗಿಸಿ ತೆಗೆದೆ. 4.9. "ನನ್ನ ಗೋಡೆ ದಪ್ಪ ನಾರ್ಮಲ್ಲೇ ಇದೆಯಲ್ಲಪ್ಪ" ಅಂತ ಹೇಳಿ ಪರದೆಯನ್ನೇ ನೋಡುತ್ತಾ ಕೂತರು. ಈಗ ಗುರುವಾರ ಗುರುವಾರ ಇಬ್ಬರು ರೋಗಿಗಳನ್ನು ಅವರೇ ಕಳಿಸುತ್ತಾರೆ.

ಇಲ್ಲಿವರೆಗೆ ಮೂವತ್ತು ಜನ ಆಗಿರಬೇಕು. ಐದಾರು ಜನರಲ್ಲಿ ವಿಂಡೋನೇ, ಅಂದರೆ ಪಕ್ಕೆಲುಬಿನ ನಡುವೆ ಹೃದಯ ಕಾಣುವ ಕಿಂಡಿಯೇ, ಸಿಗಲಿಲ್ಲ, ಮೈ ದಪ್ಪ ಇದ್ದವರದ್ದೇ ಕಷ್ಟ. ಅವರನ್ನು ಇನ್ನಷ್ಟು ಎಡಕ್ಕೆ ಹೊರಳಿಸಿ, ಒಂದು ಪಕ್ಕೆಲುಬು ಕೆಳಗಿಂದ ನೋಡುವುದು ಈ ತಿಂಗಳ ಕೆಲಸ.