ಕಳ್ಳಿಪೀರದ ಎದುರು ಕೂರುವುದು

ಹಕ್ಕಿ ಫೋಟೊ ನೋಡಿದವರು ಮೊದಲು ಕೇಳುವುದೇ ಲೆನ್ಸ್ ಯಾವುದು ಅಂತ. ನನ್ನದು 400 ಎಂಎಂ, ಅಷ್ಟು ಸಾಕು. ಕಳ್ಳಿಪೀರ, ಅಂದರೆ ಜೇನುಹುಳ ಹಿಡಿದು ತಿನ್ನುವ ಪುಟ್ಟ ಹಸಿರು ಹಕ್ಕಿಯ ಮಟ್ಟಿಗೆ ಲೆನ್ಸಿಗಿಂತ ಮುಖ್ಯವಾದದ್ದು ನಾವು ಎತ್ತ ನೋಡುತ್ತಿದ್ದೇವೆ ಅನ್ನೋದು.

ನಮ್ಮೂರ ಕೆರೆಯ ಹಿಂದೆ ಮಣ್ಣು ತೆಗೆದು ಹಾಗೇ ಬಿಟ್ಟ ಗುಂಡಿಯಿದೆ. ಬೇಸಿಗೆ ಬಂತೆಂದರೆ ಅದರ ದಡದಲ್ಲಿ ಕಳ್ಳಿಪೀರಗಳು ಗೂಡಿಗಾಗಿ ಬಿಲ ಕೊರೆಯುತ್ತವೆ. ಅಲ್ಲಿ ಕುರಿ ಮೇಯಿಸುವವರು ತೀರಾ ಹತ್ತಿರ ಹಾದು ಹೋದರೂ ಅವು ಕದಲುವುದಿಲ್ಲ. ನಾನು ದೂರದಲ್ಲಿ ಕ್ಯಾಮೆರಾ ಎತ್ತಿದರೆ ಸಾಕು, ಪುರ್ ಅಂತ ಹಾರಿಬಿಡುತ್ತಿದ್ದವು. ಕುರಿಯವರು ಅವನ್ನು ನೋಡುವುದೇ ಇಲ್ಲ, ಅದೇ ವ್ಯತ್ಯಾಸ.

ಇದು ಬರೀ ನನ್ನ ಊಹೆಯಲ್ಲ. ಜೀವಶಾಸ್ತ್ರಜ್ಞ ಮಿಲಿಂದ್ ವಟ್ವೆ ಮತ್ತು ಸಂಗಡಿಗರು 1999ರಲ್ಲಿ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದಾರೆ. ಬಿಲ ಕಾಣುವ ಕಡೆ ಮನುಷ್ಯ ನಿಂತಿದ್ದರೆ ಕಳ್ಳಿಪೀರ ಒಳಗೆ ಹೋಗಲು ಹಿಂದೇಟು ಹಾಕುತ್ತದೆ. ಬಿಲ ಕಾಣದ ಕಡೆ ನಿಂತರೆ ಅಷ್ಟು ಅನುಮಾನ ಪಡುವುದಿಲ್ಲ.

ಹಾಗಾಗಿ ನಾನು ಬಿಲಕ್ಕೆ ಬೆನ್ನು ಹಾಕಿದೆ. ಅವು ಬೇಟೆಗೆ ಕೂರುವ ಒಣ ಜಾಲಿ ಕೊಂಬೆಯೊಂದಿದೆ, ಹಾರಿ ಹುಳ ಹಿಡಿದು ಮತ್ತೆ ಅಲ್ಲಿಗೇ ಬರುತ್ತವೆ. ನನ್ನ ಜಾಗ ಅದರ ಎದುರು. ದಿನಾ ಅದೇ ಮಾಸಲು ಅಂಗಿ, ಅದೇ ದಾರಿ. ನೇರ ನಡೆಯದೆ ಓರೆಯಾಗಿ ಹೋಗಿ, ಬಿಸಿಲೇರುವ ಮೊದಲೇ ನೆಲದಲ್ಲಿ ಕೂತುಬಿಡುತ್ತಿದ್ದೆ. ಮೊದಮೊದಲು ಕ್ಯಾಮೆರಾ ತೊಡೆಯ ಮೇಲೆ, ಸುಮ್ನೆ. ಹಕ್ಕಿ ಗರಿ ಬಿಗಿಮಾಡಿ ಕತ್ತು ನೀಳ ಮಾಡಿದರೆ ನಾನು ಅಲ್ಲಾಡುವುದಿಲ್ಲ. ಗರಿ ತೀಡಿಕೊಂಡರೆ, ಒಂದು ರೆಕ್ಕೆ ಚಾಚಿ ಮೈಮುರಿದರೆ, ಇನ್ನೊಂದು ಮಾರು ಮುಂದೆ. ಒಂದು ಬೆಳಿಗ್ಗೆ ನನ್ನೆದುರೇ ಬಾಯಿ ಅಗಲ ಮಾಡಿ, ಜೀರ್ಣವಾಗದ ಹುಳದ ಚಿಪ್ಪಿನ ಉಂಡೆಯನ್ನು ಕಕ್ಕಿತು. ಹೆದರಿದ ಹಕ್ಕಿ ಅಷ್ಟು ಆರಾಮಾಗಿ ಇರೋದಿಲ್ಲ, ಅಲ್ವಾ?

ಆಮೇಲೆ ಕಂಡದ್ದೇ ಬೇರೆ. ಜೇನುಹುಳವನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ಅದರ ತಲೆಯನ್ನು ಕೊಂಬೆಗೆ ಬಡಿಯುತ್ತದೆ. ಹಿಡಿತ ಬದಲಿಸಿ ಹುಳದ ಬಾಲದ ತುದಿಯನ್ನು ಕೊಂಬೆಗೆ ಉಜ್ಜುತ್ತದೆ, ವಿಷ ಹೊರಬೀಳಲಿ ಅಂತ. ಮತ್ತೆ ಬಡಿತ. ಕೊನೆಗೆ ಮೇಲಕ್ಕೆ ಚಿಮ್ಮಿಸಿ ನುಂಗಿಬಿಡುತ್ತದೆ. ಬಡಿಯುವಾಗ ಹಕ್ಕಿಯ ತಲೆ ಎಷ್ಟು ಬೇಗ ಓಡಾಡುತ್ತದೆ ಅಂದರೆ ಶಟರ್ ಸೆಕೆಂಡಿನ 2000ದಲ್ಲಿ ಒಂದು ಭಾಗಕ್ಕಿಂತ ನಿಧಾನ ಇದ್ದರೆ ಬರೀ ಹಸಿರು ಕಲೆ ಸಿಗುತ್ತದೆ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಸುವವರೂ ಇದ್ದಾರೆ. ಅದು ಹಕ್ಕಿಯನ್ನು ಸತಾಯಿಸುವುದು ಅಷ್ಟೇ, ನನಗೆ ಹಿಡಿಸುವುದಿಲ್ಲ.

ಮರಿ ಇರುವಾಗ ಇನ್ನೂ ಹುಷಾರು ಬೇಕು. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಬಿಲಕ್ಕೆ ಹೋಗದೆ ಬಾಲ ಆಡಿಸುತ್ತಾ ಕೊಂಬೆಯಲ್ಲೇ ಕೂತಿದ್ದರೆ, ಅಡ್ಡ ಇರುವವನು ನಾನೇ. ಎಷ್ಟೇ ಒಳ್ಳೆಯ ಬೆಳಕಿದ್ದರೂ ಕ್ಯಾಮೆರಾ ಬ್ಯಾಗಿಗೆ ಹಾಕಿ ಎದ್ದು ಬರುತ್ತೇನೆ.